ನರ ಸಿಗದಾಗ ಎಲುಬಿನ ದಾರಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಮಾವೇಶದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬದ ಸಭೆ ಅಂದ ಮೇಲೆ ಸಾಲ, ಠೇವಣಿ, ಗೊಬ್ಬರ, ಅಡಿಕೆ ಧಾರಣೆ ಇವುಗಳ ಮಾತು ಇದ್ದೇ ಇರುತ್ತದೆ. ಆ ಲೆಕ್ಕವನ್ನು ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಒಪ್ಪಿಸಿದ್ದಾರೆ. ನಮಗೆ ವಹಿಸಿರುವುದು ಆರೋಗ್ಯದ ವಿಷಯ. ನಾವು ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ತೋಟ, ಗದ್ದೆಗೆ ಇಳಿದವರು. ಆದರೆ ತೋಟದ ಕೆಲಸದಲ್ಲಿ ಜನ ಮರದಿಂದ ಬೀಳುವುದನ್ನು ನೋಡಿದ್ದೇವೆ, ಎತ್ತಿಕೊಂಡು ಓಡಿದ್ದೇವೆ, ಆಸ್ಪತ್ರೆ ಬಾಗಿಲಲ್ಲಿ ಕಾದು ನಿಂತಿದ್ದೇವೆ. ಹಾಗೆ ನಿಂತಾಗ ಹುಟ್ಟಿದ ಪ್ರಶ್ನೆಗಳನ್ನು ಆಮೇಲೆ ಡಾಕ್ಟರುಗಳ ಹತ್ತಿರವೂ, 108ರ ಗಾಡಿಯಲ್ಲಿ ಬರುವ ಹುಡುಗರ ಹತ್ತಿರವೂ ಕೇಳಿದೆವು. ಕೇಳಿ ತಿಳಿದದ್ದನ್ನು, ಓದಿ ತಿಳಿದದ್ದನ್ನು ನಮ್ಮ ಮಾತಿನಲ್ಲಿ ಇವತ್ತು ನಿಮ್ಮ ಮುಂದೆ ಇಡುತ್ತೇವೆ.

ವಿಷಯ ಒಂದೇ. ರಕ್ತ ಸೋರಿ ಅಥವಾ ಹೃದಯ ಸೋತು ಮನುಷ್ಯ ಬಿದ್ದಿದ್ದಾನೆ. ಡ್ರಿಪ್ ಹಾಕೋಣ ಅಂದರೆ ಕೈಯಲ್ಲಿ ನರ ಸಿಗುತ್ತಿಲ್ಲ. ಅಂಥ ಹೊತ್ತಿನಲ್ಲಿ ಎಲುಬಿನ ಒಳಕ್ಕೇ ಒಂದು ಸೂಜಿ ಹಾಕಿ, ಅದರ ಮೂಲಕ ಔಷಧಿ, ಸಲೈನ್, ಬೇಕಾದರೆ ರಕ್ತವನ್ನೂ ಕೊಡುವ ವಿಧಾನ ಒಂದುಂಟು. ಡಾಕ್ಟರುಗಳು ಇದನ್ನು ಇಂಟ್ರಾ ಆಸಿಯಸ್ ಅನ್ನುತ್ತಾರೆ, ಚಿಕ್ಕದಾಗಿ ಐ.ಓ. ಅನ್ನುತ್ತಾರೆ. ನಾವು ಎಲುಬಿನ ದಾರಿ ಅನ್ನೋಣ. ಮಕ್ಕಳಿಗೆ ಮಾತ್ರವಲ್ಲ, ದೊಡ್ಡವರಿಗೂ ಇದನ್ನು ಮಾಡಬಹುದು. ಆಸ್ಪತ್ರೆಯಲ್ಲಿ ಮಾತ್ರವಲ್ಲ, ತರಬೇತಿ ಪಡೆದ ಆಂಬುಲೆನ್ಸ್ ಸಿಬ್ಬಂದಿ ರಸ್ತೆ ಬದಿಯಲ್ಲೇ ಮಾಡುವ ಪದ್ಧತಿ ಎಷ್ಟೋ ದೇಶಗಳಲ್ಲಿ ರೂಢಿಯಲ್ಲಿದೆ.

ಅಡಿಕೆ ಸಂಘದ ಸಭೆಯಲ್ಲಿ ಇದೆಂಥ ಮಾತು ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ಕಸುಬನ್ನೇ ಸ್ವಲ್ಪ ನೋಡಿ. ಮಳೆ ಹಿಡಿಯುವ ಮೊದಲು ಒಂದು ಸಲ, ಮಳೆಯ ನಡುವೆ ಇನ್ನೊಂದು ಸಲ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯಬೇಕು. ಈಗ ಎಲೆಚುಕ್ಕಿ ರೋಗ ಬಂದ ಮೇಲೆ ಮರ ಹತ್ತುವ ಕೆಲಸ ಇನ್ನೂ ಹೆಚ್ಚಿದೆ. ಪಾಚಿ ಕಟ್ಟಿ ಜಾರುವ ಮರ, ಮೇಲೆ 50, 60 ಅಡಿ ಎತ್ತರ. ಕಾರ್ಬನ್ ಫೈಬರ್ ದೋಟಿ ಬಂದು ಹತ್ತುವುದು ಕೆಲವು ಕಡೆ ಕಡಿಮೆಯಾಗಿದೆ, ನಿಂತಿಲ್ಲ. ಕಾಳುಮೆಣಸು ಕೊಯ್ಯಲು ಏಣಿ ಹಾಕುತ್ತೇವೆ. ಕಳೆ ಹೊಡೆಯುವ ಮೆಷಿನ್ನು, ಮರ ಕೊಯ್ಯುವ ಗರಗಸ ಮನೆಮನೆಗೆ ಬಂದಿವೆ. ಒಂದು ಸಲ ಕೈತಪ್ಪಿದರೆ ತೊಡೆಯ ರಕ್ತನಾಳವೇ ಹೋಗುತ್ತದೆ. ಘಾಟಿ ರಸ್ತೆಯ ಅಪಘಾತ ಬೇರೆ. ಕಾಟಿ, ಕಾಡಾನೆಯ ಹಾವಳಿ ಬೇರೆ.

ಪೆಟ್ಟು ಬಿದ್ದ ಮೇಲೆ ಹೋಗುವುದೆಲ್ಲಿಗೆ? ತಾಲ್ಲೂಕು ಆಸ್ಪತ್ರೆಗೆ ಮೊದಲು. ದೊಡ್ಡ ಪೆಟ್ಟಾದರೆ ಶೃಂಗೇರಿ, ಕೊಪ್ಪದವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ, ನರಸಿಂಹರಾಜಪುರದವರು ಶಿವಮೊಗ್ಗಕ್ಕೆ. ನೆಟ್ಟಗಿನ ರಸ್ತೆ ನಮ್ಮಲ್ಲಿ ಎಲ್ಲಿದೆ? ಮನೆಯಿಂದ ಗಾಡಿ ನಿಲ್ಲುವ ಜಾಗಕ್ಕೆ ಬರಲಿಕ್ಕೇ ಕಾಲುಸಂಕ ದಾಟಬೇಕು, ತೋಟದ ಏರಿ ಹತ್ತಬೇಕು. ಮಳೆಗಾಲದಲ್ಲಿ ಮರ ಬಿದ್ದರೆ, ಗುಡ್ಡ ಜರಿದರೆ ಸುತ್ತು ಬಳಸಿ ಹೋಗಬೇಕು. ಪಟ್ಟಣದವರಿಗೆ ಹತ್ತು ನಿಮಿಷದಲ್ಲಿ ಸಿಗುವ ಆಸ್ಪತ್ರೆ ನಮಗೆ ಎರಡು ಗಂಟೆ. ಆದ್ದರಿಂದ ಆಸ್ಪತ್ರೆಯಲ್ಲಿ ಏನು ಸಿಗುತ್ತದೆ ಅನ್ನುವಷ್ಟೇ ದಾರಿಯಲ್ಲಿ ಏನು ಸಿಗುತ್ತದೆ ಅನ್ನುವುದೂ ನಮಗೆ ಮುಖ್ಯ.

ಒಂದು ಸಂಗತಿ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ, ಎರಡನೇ ಸಲದ ಔಷಧಿ ಹೊಡೆಯುವ ಕಾಲ. ನಮ್ಮ ಕಡೆಯ ಒಬ್ಬ ಕೆಲಸಗಾರ, ಸಂಸಾರಕ್ಕೆ ಅವನೊಬ್ಬನೇ ಆಧಾರ, ಮರದಿಂದ ಜಾರಿ ಬಿದ್ದ. ಸೊಂಟ, ತೊಡೆ ಎರಡೂ ಮುರಿದಿತ್ತು. ಹೊರಗೆ ಒಂದು ಹನಿ ರಕ್ತ ಕಾಣಲಿಲ್ಲ. ರಕ್ತ ಬಂದಿಲ್ಲವಲ್ಲ, ಪರವಾಗಿಲ್ಲ ಅಂತ ಅಲ್ಲಿದ್ದವರು ಸಮಾಧಾನ ಮಾಡಿಕೊಂಡರು. ಕಂಬಳಿಯನ್ನು ಗಳಕ್ಕೆ ಕಟ್ಟಿ ಜೋಲಿ ಮಾಡಿ ರಸ್ತೆಗೆ ತಂದು ಜೀಪಿಗೆ ಹಾಕಿದೆವು. ಒಂದು ಆಸ್ಪತ್ರೆ ಮುಟ್ಟುವಾಗ ಮೈ ತಣ್ಣಗಾಗಿ ಬೆವರುತ್ತಿತ್ತು. ಅಲ್ಲಿಯವರು ಡ್ರಿಪ್ ಹಾಕಲು ಬಲಗೈ ನೋಡಿದರು, ಎಡಗೈ ನೋಡಿದರು, ಪಾದ ನೋಡಿದರು. ಒಬ್ಬರಾದ ಮೇಲೆ ಒಬ್ಬರು ಬಂದರು. "ನರ ಸಿಗ್ತಾ ಇಲ್ಲ" ಅನ್ನುವ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಕೊನೆಗೆ ಹೇಗೋ ಒಂದು ಸಿಕ್ಕಿತು. ಅಷ್ಟರಲ್ಲಿ ಗಡಿಯಾರದ ಮುಳ್ಳು ಬಹಳ ದೂರ ಹೋಗಿತ್ತು. ಮುಂದಿನ ಆಸ್ಪತ್ರೆ ಮುಟ್ಟುವ ಮೊದಲೇ ಅವನು ತೀರಿಕೊಂಡ. ಎಲುಬಿನ ದಾರಿ ಹಿಡಿದಿದ್ದರೆ ಬದುಕಿ ಬಿಡುತ್ತಿದ್ದ ಅಂತ ನಾವು ಹೇಳುವುದಿಲ್ಲ. ಹಾಗೆ ಹೇಳುವುದು ನ್ಯಾಯವೂ ಅಲ್ಲ. ಅವತ್ತು ಸೂಜಿ ಹಿಡಿದವರು ಕೈಲಾದ ಪ್ರಯತ್ನ ಮಾಡಿದರು. ಆದರೆ ನರ ಸಿಗದಿದ್ದರೆ ಮುಂದೇನು ಅನ್ನುವ ಪ್ರಶ್ನೆ ಮಾತ್ರ ನಮ್ಮ ತಲೆಯಲ್ಲಿ ಉಳಿಯಿತು.

ನರ ಯಾಕೆ ಸಿಗುವುದಿಲ್ಲ? ನಾವು ಆಡುಮಾತಿನಲ್ಲಿ ನರ ಅನ್ನುವುದು ನಿಜವಾಗಿ ರಕ್ತನಾಳ. ಡೀಸೆಲ್ ಪಂಪಿಗೆ ಹಾಕುವ ಚಪ್ಪಟೆ ಪೈಪು ನಿಮಗೆಲ್ಲ ಗೊತ್ತು. ಪಂಪು ಓಡುತ್ತಿದ್ದರೆ ಅದು ಹೆಬ್ಬಾವಿನ ಹಾಗೆ ಉಬ್ಬಿ ನಿಲ್ಲುತ್ತದೆ. ನೀರಿನ ಒತ್ತಡ ಇಳಿಯಿತೋ, ನೆಲಕ್ಕೆ ಅಂಟಿ ಮಲಗುತ್ತದೆ. ಕೈಯ ರಕ್ತನಾಳವೂ ಹಾಗೇ. ದೊಡ್ಡ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಒಂದೂವರೆ ಲೀಟರ್ ಹೋಯಿತು ಅಂದರೆ ಒತ್ತಡ ಬೀಳಲು ಶುರು, 2 ಲೀಟರ್ ದಾಟಿದರೆ ಜೀವಕ್ಕೇ ಸಂಚಕಾರ. ತೊಡೆಯ ಮೂಳೆ ಮುರಿದರೆ ಒಂದರಿಂದ ಒಂದೂವರೆ ಲೀಟರ್ ರಕ್ತ ಒಳಗೇ ಸೋರಿ ತೊಡೆಯಲ್ಲಿ ನಿಲ್ಲಬಹುದು. ಸೊಂಟದ ಮೂಳೆ ಒಡೆದರೆ ಅದಕ್ಕಿಂತಲೂ ಹೆಚ್ಚು. ಹೊರಗೆ ರಕ್ತ ಕಾಣದಿದ್ದರೂ ಮನುಷ್ಯ ಬರಿದಾಗುತ್ತಿರುತ್ತಾನೆ. ಆಗ ಮೈ ತನ್ನಲ್ಲಿ ಉಳಿದ ರಕ್ತವನ್ನು ಮಿದುಳು, ಹೃದಯಕ್ಕೆ ಕೊಟ್ಟುಕೊಂಡು ಕೈಕಾಲಿನ ನಾಳಗಳನ್ನು ಬಿಗಿಮಾಡಿಕೊಳ್ಳುತ್ತದೆ. ಅದಕ್ಕೇ ಕೈಕಾಲು ತಣ್ಣಗಾಗುವುದು, ಅದಕ್ಕೇ ನರ ಕಾಣದಿರುವುದು. ಅಂದರೆ ಯಾರಿಗೆ ಡ್ರಿಪ್ ಅತ್ಯಂತ ಜರೂರೋ ಅವರಲ್ಲೇ ನರ ಸಿಗುವುದು ಅತ್ಯಂತ ಕಷ್ಟ. ಅದರ ಮೇಲೆ ಕತ್ತಲು, ಮಳೆ, ತಿರುವಿನಲ್ಲಿ ಓಲಾಡುವ ಗಾಡಿ. ಅಂಥದ್ದರಲ್ಲಿ ಸಣ್ಣ ನಾಳಕ್ಕೆ ಸೂಜಿ ಏರಿಸುವುದು ಹುಡುಗಾಟವಲ್ಲ.

ಈಗ ಎಲುಬಿಗೆ ಬರೋಣ. ಅಡಿಕೆ ಮರ ಸೀಳಿ ದಬ್ಬೆ ಮಾಡುವಾಗ ನೋಡಿರುತ್ತೀರಿ. ಹೊರಗೆ ಕಬ್ಬಿಣದ ಹಾಗೆ ಗಟ್ಟಿ, ಒಳಗೆ ಮೆತ್ತಗಿನ ತಿರುಳು. ನಮ್ಮ ಮೂಳೆಯೂ ಹೆಚ್ಚುಕಡಿಮೆ ಹಾಗೇ. ಒಳಗಿನ ಮಜ್ಜೆಯಲ್ಲಿ ರಕ್ತ ಹರಿಯುವ ಸಾವಿರಾರು ಸಣ್ಣ ಸಣ್ಣ ದಾರಿಗಳಿವೆ. ಅವೆಲ್ಲ ಕೂಡಿ ಮೂಳೆಯಿಂದ ಹೊರಬಂದು ದೊಡ್ಡ ರಕ್ತನಾಳ ಸೇರುತ್ತವೆ. ಸುತ್ತಲೂ ಗಟ್ಟಿ ಮೂಳೆಯ ಗೋಡೆ ಇರುವುದರಿಂದ ಒತ್ತಡ ಎಷ್ಟು ಇಳಿದರೂ ಈ ದಾರಿಗಳು ಚಪ್ಪಟೆಯಾಗುವುದಿಲ್ಲ. ಚಪ್ಪಟೆ ಪೈಪು ಮಲಗಬಹುದು, ಜಿ.ಐ. ಪೈಪು ಮಲಗುತ್ತದೆಯೇ? ಹಾಗಾಗಿ ಮಜ್ಜೆಗೆ ಕೊಟ್ಟ ಔಷಧಿ ಬೇಗನೆ ಹೃದಯ ಮುಟ್ಟುತ್ತದೆ. ನರದಲ್ಲಿ ಕೊಡುವ ತುರ್ತು ಔಷಧಿಗಳನ್ನೆಲ್ಲ ಹೆಚ್ಚುಕಡಿಮೆ ಇದರಲ್ಲೂ ಕೊಡಬಹುದು ಅನ್ನುತ್ತಾರೆ.

ಮಾಡುವ ಕ್ರಮ ಹೀಗೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಎರಡು ಜಾಗ. ಒಂದು, ಮಂಡಿಯ ಕೆಳಗೆ ಕಾಲಿನ ದೊಡ್ಡ ಮೂಳೆಯ ಒಳಮಗ್ಗುಲು. ಅಲ್ಲಿ ಚರ್ಮದ ಕೆಳಗೇ ಚಪ್ಪಟೆ ಮೂಳೆ ಕೈಗೆ ಸಿಗುತ್ತದೆ. ಇನ್ನೊಂದು, ಭುಜದ ಹತ್ತಿರ ತೋಳಿನ ಮೂಳೆಯ ಮೇಲ್ತುದಿ. ಎದೆಯ ನಡುಮೂಳೆಗೆ ಹಾಕುವ ಬೇರೆ ಸಾಧನವೂ ಇದೆ. ಜಾಗ ಗುರುತು ಮಾಡಿ, ಚರ್ಮವನ್ನು ಔಷಧಿಯಿಂದ ಒರೆಸಿ, ಸೂಜಿ ಇಳಿಸುತ್ತಾರೆ. ಕೈಯಿಂದ ಒತ್ತಿ ತಿರುಗಿಸುವ ಸೂಜಿಗಳಿವೆ, ಸ್ಪ್ರಿಂಗಿನ ಸಾಧನ ಇದೆ, ಬ್ಯಾಟರಿಯ ಸಣ್ಣ ಡ್ರಿಲ್ ಇದೆ. ಈ ಡ್ರಿಲ್ ನೋಡಲು ಬಡಗಿಯ ಡ್ರಿಲ್ಲಿನ ತಮ್ಮನ ಹಾಗಿರುತ್ತದೆ. ಗಟ್ಟಿ ಪದರ ದಾಟಿದ ಕೂಡಲೇ ಕೈಗೆ ಸಡಿಲ ಗೊತ್ತಾಗುತ್ತದೆ, ಅಲ್ಲಿಗೇ ನಿಲ್ಲಿಸಬೇಕು. ಸೂಜಿ ಅಲುಗಾಡದೆ ನೆಟ್ಟಗೆ ನಿಂತರೆ ಸರಿಯಾಗಿ ಕೂತಿದೆ ಅಂತ ಲೆಕ್ಕ. ಆಮೇಲೆ ಸಿರಿಂಜಿನಲ್ಲಿ ಸಲೈನ್ ತೆಗೆದು ಜೋರಾಗಿ ಒಳಗೆ ಬಿಟ್ಟು ದಾರಿ ಬಿಡಿಸುತ್ತಾರೆ. ಮಜ್ಜೆಯಲ್ಲಿ ತಾನಾಗೇ ಹರಿಯುವುದು ನಿಧಾನ, ಅದಕ್ಕೆ ಡ್ರಿಪ್ ಚೀಲಕ್ಕೆ ಒತ್ತಡದ ಪಟ್ಟಿ ಕಟ್ಟಿ ಹಿಂಡುತ್ತಾರೆ. ಪಳಗಿದ ಕೈಯಾದರೆ ಸೂಜಿ ಕೂರಿಸಲು ಒಂದು ನಿಮಿಷವೂ ಬೇಡ.

ಇದೇನು ಹೊಸ ಪ್ರಯೋಗವೋ ಅಂತ ಹೆದರಬೇಡಿ. 1922ರಲ್ಲೇ ಅಮೆರಿಕದ ಡ್ರಿಂಕರ್ ಎಂಬ ವಿಜ್ಞಾನಿ ಮೂಳೆಯ ಒಳಗಿನ ರಕ್ತಸಂಚಾರವನ್ನು ಅಭ್ಯಾಸ ಮಾಡಿ ಈ ದಾರಿಯ ಸುಳಿವು ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಇದನ್ನು ಬಳಸಿದರು. ಯುದ್ಧ ಮುಗಿದ ಮೇಲೆ ನರಕ್ಕೆ ಹಾಕುವ ಪ್ಲಾಸ್ಟಿಕ್ ನಳಿಕೆಗಳು ಬಂದವು, ಎಲುಬಿನ ದಾರಿಯನ್ನು ಜನ ಮರೆತರು. ಅದನ್ನು ಮತ್ತೆ ನೆನಪಿಸಿದ ಕಥೆಗೆ ನಮ್ಮ ದೇಶದ ನಂಟಿದೆ. ಜೇಮ್ಸ್ ಓರ್ಲೋವ್‌ಸ್ಕಿ ಎಂಬ ಅಮೆರಿಕದ ಮಕ್ಕಳ ಡಾಕ್ಟರು ಭಾರತಕ್ಕೆ ಬಂದಿದ್ದರು. ಇಲ್ಲಿ ಕಾಲರಾ ಹಾವಳಿ. ಭೇದಿಯಾಗಿ ನೀರು ಆರಿ ಹೋದವರಿಗೆ ನರ ಸಿಗದಾಗ ಇಲ್ಲಿಯವರು ಮೂಳೆಗೆ ಸೂಜಿ ಹಾಕಿ ನೀರು ಕೊಟ್ಟು ಬದುಕಿಸುವುದನ್ನು ಅವರು ಕಂಡರು. ತಮ್ಮ ದೇಶಕ್ಕೆ ಹೋಗಿ 1984ರಲ್ಲಿ ಅದರ ಬಗ್ಗೆ ಬರೆದರು. ಅಲ್ಲಿಂದ ಮುಂದೆ ಮೊದಲು ಮಕ್ಕಳಿಗೆ, ಆಮೇಲೆ ದೊಡ್ಡವರಿಗೆ ಇದು ಮತ್ತೆ ಜಗತ್ತಿನಲ್ಲಿ ಬಳಕೆಗೆ ಬಂತು. ಬಡವರ ಊರಿನ ಜಾಣ್ಮೆಯನ್ನು ನೋಡಿ ಶ್ರೀಮಂತ ದೇಶ ಕಲಿತ ಪಾಠ ಇದು. ನಮ್ಮ ಊರಿಗೆ ಅದು ಸಿಗಬೇಕು ಅಂತ ಕೇಳುವುದಕ್ಕೆ ನಾವು ಸಂಕೋಚ ಪಡಬೇಕಾಗಿಲ್ಲ.

ಹಾಗಂತ ಇದನ್ನು ಸಂಜೀವಿನಿ ಅಂತ ಹೊಗಳಲು ನಾವು ಇಲ್ಲಿ ನಿಂತಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಬೇಕು. ಹೃದಯ ನಿಂತವರಿಗೆ ಆಂಬುಲೆನ್ಸಿನವರು ಮೊದಲಿಗೇ ಎಲುಬಿನ ದಾರಿ ಹಿಡಿದರೆ ಲಾಭವೋ, ನರ ಹುಡುಕಿದರೆ ಲಾಭವೋ ಅಂತ ಬ್ರಿಟನ್, ಡೆನ್ಮಾರ್ಕ್, ತೈವಾನ್ ಈ ಮೂರು ಕಡೆ ದೊಡ್ಡ ಪರೀಕ್ಷೆಗಳು ನಡೆದು 2024ರಲ್ಲಿ ಫಲಿತಾಂಶ ಬಂತು. ಬ್ರಿಟನ್ನಿನದರಲ್ಲಿ 6,000ಕ್ಕೂ ಹೆಚ್ಚು ಜನ ರೋಗಿಗಳು. ಮೂವತ್ತು ದಿನದ ನಂತರ ಬದುಕಿದ್ದವರು ಎಲುಬಿನ ದಾರಿಯಲ್ಲಿ ನೂರಕ್ಕೆ 4.5, ನರದ ದಾರಿಯಲ್ಲಿ ನೂರಕ್ಕೆ 5.1. ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಉಳಿದ ಎರಡು ಕಡೆಯೂ ಅದೇ ಮಾತು. ಇದರಿಂದ ತಿಳಿಯುವುದೇನು? ನರ ಸುಲಭವಾಗಿ ಸಿಗುವುದಾದರೆ ನರವೇ ಸರಿ. ಒಂದೆರಡು ಪ್ರಯತ್ನದಲ್ಲಿ ಸಿಗದಿದ್ದರೆ ಚುಚ್ಚುತ್ತಾ ಹೊತ್ತು ಕಳೆಯದೆ ಎಲುಬಿಗೆ ಹೋಗುವುದು ಸರಿ. ಎರಡನೇ ಬಾಗಿಲು ಅದು. ಮುಂಬಾಗಿಲು ತೆಗೆಯದಿದ್ದಾಗ ಹಿತ್ತಿಲ ಬಾಗಿಲು ಗೊತ್ತಿರಬೇಕು, ಅಷ್ಟೇ.

ಇನ್ನೊಂದು ಮಾತು. ಸೂಜಿ ದಾರಿ ಮಾತ್ರ. ಆ ದಾರಿಯಲ್ಲಿ ಏನು ಕೊಡುತ್ತೇವೆ ಅನ್ನುವುದು ಮುಖ್ಯ. ರಕ್ತ ಸೋರಿದವನಿಗೆ ಬರೀ ಸಲೈನ್ ಬಾಟ್ಲಿ ಬಾಟ್ಲಿ ಏರಿಸಿದರೆ ರಕ್ತ ತೆಳುವಾಗಿ ಹೆಪ್ಪುಗಟ್ಟದೆ ಸೋರುವುದು ಇನ್ನೂ ಹೆಚ್ಚಾಗಬಹುದು ಅಂತ ಈಗಿನ ಡಾಕ್ಟರುಗಳು ಎಚ್ಚರಿಸುತ್ತಾರೆ. ರಕ್ತ ನಿಲ್ಲಲು ಸಹಾಯ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿ ಇದೆ, ದುಬಾರಿಯದಲ್ಲ. ಭಾರತವೂ ಸೇರಿ 40 ದೇಶಗಳ 20,000 ಗಾಯಾಳುಗಳ ಮೇಲೆ ಅದನ್ನು ಪರೀಕ್ಷಿಸಿ 2010ರಲ್ಲಿ ಫಲ ಪ್ರಕಟಿಸಿದರು. ಪೆಟ್ಟು ಬಿದ್ದು 3 ಗಂಟೆಯೊಳಗೆ ಕೊಟ್ಟರೆ ಜೀವ ಉಳಿಯುವ ಸಂಭವ ಹೆಚ್ಚು, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು, ಹೊತ್ತು ಮೀರಿದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ನಮ್ಮ ತೋಟದಿಂದ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಹೋಗುವ ಹೊತ್ತಿಗೆ ಈ 3 ಗಂಟೆಯಲ್ಲಿ ಎಷ್ಟು ಉಳಿದಿರುತ್ತದೆ, ನೀವೇ ಲೆಕ್ಕ ಹಾಕಿ. ದಾರಿ ಬೇಗ ಸಿಗಬೇಕು ಅನ್ನುವುದು ಇದಕ್ಕೇ.

ಜನರಿಗೆ ಎರಡು ಹೆದರಿಕೆ ಇರುತ್ತದೆ. ಅದಕ್ಕೂ ಉತ್ತರ ಹೇಳಬೇಕು. ಯಾಕೆಂದರೆ ಪೆಟ್ಟು ಬಿದ್ದದ್ದು ಹೊಟ್ಟೆಗೆ, ಕಾಲಿಗೆ ಯಾಕೆ ಡ್ರಿಲ್ ಹಾಕ್ತೀರಿ ಮಾರಾಯ್ರೇ ಅಂತ ನೆಂಟರು ಸಿಬ್ಬಂದಿಯ ಕೈ ಹಿಡಿದು ನಿಲ್ಲಿಸಿದರೆ ಅಲ್ಲಿಗೆ ಐದು ನಿಮಿಷ ಹೋಯಿತು.

ಮೊದಲನೆಯದು, ನೋವು. ಪ್ರಜ್ಞೆ ತಪ್ಪಿದವರಿಗೆ ಗೊತ್ತಾಗುವುದಿಲ್ಲ. ಪ್ರಜ್ಞೆ ಇದ್ದವರಿಗೆ ಸೂಜಿ ಹೋಗುವಾಗಿನ ನೋವಿಗಿಂತ ಒಳಗೆ ದ್ರವ ಬಿಡುವಾಗಿನ ನೋವು ಹೆಚ್ಚು. ಅದಕ್ಕೆ ನೋವು ಮರೆಸುವ ಲಿಗ್ನೋಕೇನ್ ಔಷಧಿಯನ್ನು ಅದೇ ಸೂಜಿಯಲ್ಲಿ ನಿಧಾನವಾಗಿ ಮೊದಲು ಕೊಡುತ್ತಾರೆ. ಎರಡನೆಯದು, ಮೂಳೆ ಹಾಳಾಗುತ್ತದೆಯೇ ಅಂತ. ಸೂಜಿಯ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಮೂಳೆಗೆ ಕೀವು ಆಗುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಇದು ತಾತ್ಕಾಲಿಕ ದಾರಿ. ಸಾಮಾನ್ಯವಾಗಿ 24 ಗಂಟೆಯೊಳಗೆ, ಆಸ್ಪತ್ರೆಯಲ್ಲಿ ನರ ಸಿಕ್ಕ ಮೇಲೆ, ತೆಗೆದು ಬಿಡುತ್ತಾರೆ. ಅಪಾಯವೇ ಇಲ್ಲ ಅಂತಲ್ಲ. ಸೂಜಿ ಸರಿಯಾಗಿ ಕೂರದಿದ್ದರೆ ದ್ರವ ಮಾಂಸಕ್ಕೆ ಸೋರಿ ಕಾಲು ಬಿಗಿದು ಊದಿಕೊಳ್ಳಬಹುದು, ಅದನ್ನು ನೋಡುತ್ತಲೇ ಇರಬೇಕು. ಮುರಿದ ಮೂಳೆಗೆ ಹಾಕುವಂತಿಲ್ಲ, ಹಾಕಿದರೆ ಮುರುಕಿನಲ್ಲೇ ಸೋರುತ್ತದೆ. ಚರ್ಮ ಕೀವಾದ ಜಾಗಕ್ಕೆ, ಕೃತಕ ಮಂಡಿ ಕೂರಿಸಿದ ಕಾಲಿಗೆ, ಒಂದೆರಡು ದಿನದ ಹಿಂದೆ ಇದೇ ಸೂಜಿ ಹಾಕಿದ ಮೂಳೆಗೆ ಹಾಕುವಂತಿಲ್ಲ. ಆದ್ದರಿಂದ ಮನೆಯವರು ಮಾಡಬೇಕಾದ ಉಪಕಾರ ಒಂದಿದೆ. ಯಾವ ಕಾಲು ಮುರಿದಿದೆ ಅಂತ ಅನುಮಾನ, ಯಾವ ಮಂಡಿಗೆ ಆಪರೇಷನ್ ಆಗಿದೆ ಅನ್ನುವುದನ್ನು ಸಿಬ್ಬಂದಿಗೆ ಕೇಳುವ ಮೊದಲೇ ಹೇಳಿ. ಕೈ ಹಿಡಿಯಬೇಡಿ, ಮಾಹಿತಿ ಕೊಡಿ.

ಇದು ಕಲಿತವರ ಕೆಲಸ. ಯೂಟ್ಯೂಬ್ ನೋಡಿ ಯಾರೂ ಕೈ ಹಾಕುವುದಲ್ಲ. ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚ ಹೆಸರಿನ 108 ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಗಾಡಿಯಲ್ಲಿ ಒಬ್ಬ ಚಾಲಕ, ಅವರನ್ನು ಪೈಲಟ್ ಅನ್ನುತ್ತಾರೆ, ಇನ್ನೊಬ್ಬರು ಇ.ಎಂ.ಟಿ., ಅಂದರೆ ತುರ್ತು ಚಿಕಿತ್ಸೆಯ ಸಿಬ್ಬಂದಿ. ಗಾಡಿಗಳಲ್ಲೂ ಎರಡು ದರ್ಜೆ. ಪ್ರಾಥಮಿಕ ಜೀವರಕ್ಷಣೆಯ ಬಿ.ಎಲ್.ಎಸ್., ಹೆಚ್ಚಿನ ಸಲಕರಣೆ ಇರುವ ಎ.ಎಲ್.ಎಸ್. ಈ ಹುಡುಗರ ಕೆಲಸಕ್ಕೆ ಬಹಳ ಕಾಲ ಸರಿಯಾದ ಸ್ಥಾನವೇ ಇರಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಆರೋಗ್ಯ ಸಹಾಯಕ ವೃತ್ತಿಗಳ ಕಾಯ್ದೆ ತಂದು, ತುರ್ತು ಚಿಕಿತ್ಸಾ ಸಿಬ್ಬಂದಿಯನ್ನೂ ಆ ಪಟ್ಟಿಗೆ ಸೇರಿಸಿತು. ಕಾಯ್ದೆ ಬಂದರೆ ಸಾಲದು. ತರಬೇತಿ ಬರಬೇಕು, ಸೂಜಿ ಬರಬೇಕು, ಕೈ ಪಳಗಿರುವಂತೆ ಆಗಾಗ ಅಭ್ಯಾಸ ಆಗಬೇಕು. ಕತ್ತಿ ಮಸೆಯದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಕಲಿತ ವಿದ್ಯೆಯೂ ಹಾಗೇ.

ಸಹಕಾರಿ ಬಂಧುಗಳೇ, ಇಷ್ಟು ಹೊತ್ತು ಸಿಬ್ಬಂದಿಯ ಕೆಲಸ ಹೇಳಿದೆವು. ಅವರು ಬರುವ ಮೊದಲಿನ ಅರ್ಧ ಗಂಟೆ ನಮ್ಮದು. ಆ ಅರ್ಧ ಗಂಟೆ ಕೆಟ್ಟರೆ ಯಾವ ಸೂಜಿಯೂ ಏನೂ ಮಾಡಲಾರದು.

ರಕ್ತ ಸೋರುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತೋ ಅಂತ ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. ಕೈಕಾಲಿನಿಂದ ಚಿಮ್ಮುವ ರಕ್ತ ಒತ್ತಿದರೂ ನಿಲ್ಲದಿದ್ದರೆ ಮಾತ್ರ, ಗಾಯದ ಮೇಲ್ಗಡೆ ಅಗಲ ಬಟ್ಟೆ ಬಿಗಿದು ಕಟ್ಟಿ ಹೊತ್ತು ಬರೆದಿಡಿ. ಹಾವು ಕಚ್ಚಿದವರಿಗೆ ಮಾತ್ರ ಹೀಗೆ ಬಿಗಿದು ಕಟ್ಟಲೇಬಾರದು, ಎರಡನ್ನೂ ಬೆರೆಸಬೇಡಿ. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಎತ್ತುವ ರಭಸಕ್ಕೇ ಜನ್ಮಪೂರ್ತಿ ಕಾಲು ಹೋಗಬಹುದು. ನಾಲ್ಕೈದು ಜನ ಸೇರಿ ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿ ಇರುವಂತೆ ಮರದ ದಿಮ್ಮಿ ಉರುಳಿಸಿದ ಹಾಗೆ ಹೊರಳಿಸಿ ಹಲಗೆಯ ಮೇಲೆ ತನ್ನಿ. ಜೋಲಿ ಬೇಡ. ಕುಡಿಯಲು ನೀರು, ಕಾಫಿ ಕೊಡಬೇಡಿ. ಪ್ರೀತಿಯಿಂದಲೇ ಕೊಡುತ್ತೇವೆ, ಆದರೆ ಆಪರೇಷನ್ನಿಗೆ ತೊಂದರೆ. ಮೈ ಒದ್ದೆಯಿದ್ದರೆ ಒರೆಸಿ ಕಂಬಳಿ ಹೊದಿಸಿ, ತಣ್ಣಗಾದ ರಕ್ತ ಹೆಪ್ಪುಗಟ್ಟುವುದಿಲ್ಲ. ಉಸಿರಿಲ್ಲ, ಕರೆದರೆ ಓಗೊಡುವುದಿಲ್ಲ ಅಂತಾದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಕುಸಿಯುವಂತೆ ಒತ್ತುತ್ತಾ ಇರಿ. ಹೃದಯ ನಿಂತಾಗ ಯಾವ ದಾರಿಯ ಸೂಜಿ ಅನ್ನುವುದಕ್ಕಿಂತ, ಪಕ್ಕದಲ್ಲಿದ್ದವರು ಎದೆ ಒತ್ತಿದರೋ ಇಲ್ಲವೋ ಅನ್ನುವುದೇ ದೊಡ್ಡದು.

ಪೊಲೀಸು, ಕೋರ್ಟು ಅಂತ ಹೆದರಿ ರಸ್ತೆಯಲ್ಲಿ ಬಿದ್ದವರನ್ನು ಬಿಟ್ಟು ಹೋಗುವ ಕಾಲ ಮುಗಿದಿದೆ. ನೆರವಾದವರಿಗೆ ಕಿರುಕುಳ ಆಗದಂತೆ 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಆ ರಕ್ಷಣೆಯನ್ನು ಸೇರಿಸಿದರು.

ಕೊನೆಯದಾಗಿ ನಮ್ಮ ಸಂಘ ಏನು ಮಾಡಬಹುದು? ಬೆಳ್ಳಿಹಬ್ಬದ ನೆನಪಿಗೆ ಕಟ್ಟಡಕ್ಕೆ ಬಣ್ಣ ಹೊಡೆದಿದ್ದೇವೆ, ಸಂತೋಷ. ಅದರ ಜೊತೆಗೆ ನಾಲ್ಕು ಕೆಲಸ ಸಭೆಯ ಮುಂದೆ ಇಡುತ್ತೇವೆ.

ಒಂದನೆಯದು, ಮೂರೂ ತಾಲ್ಲೂಕಿನ ಆರೋಗ್ಯಾಧಿಕಾರಿಗಳಿಗೆ ಸಂಘದಿಂದ ಮನವಿ. ನಮ್ಮ ಕಡೆ ಓಡುವ 108 ಗಾಡಿಗಳಲ್ಲೂ, ತಾಲ್ಲೂಕು ಆಸ್ಪತ್ರೆಗಳ ತುರ್ತು ವಿಭಾಗದಲ್ಲೂ ದೊಡ್ಡವರಿಗೆ ಹಾಕುವ ಎಲುಬಿನ ಸೂಜಿ ಇರಬೇಕು, ಅದನ್ನು ಹಾಕಲು ಕಲಿತವರು ಇರಬೇಕು ಅಂತ ಲಿಖಿತವಾಗಿ ಕೇಳೋಣ. ಬ್ಯಾಟರಿ ಡ್ರಿಲ್ ದುಬಾರಿಯಾದರೆ ಕೈಯಿಂದ ಹಾಕುವ ಸೂಜಿಯಾದರೂ ಬರಲಿ. ಒಬ್ಬರು ಕೇಳಿದರೆ ಅರ್ಜಿ, ಸಂಘ ಕೇಳಿದರೆ ಠರಾವು.

ಎರಡನೆಯದು, ಔಷಧಿ ಹೊಡೆಯುವ ಕಾಲಕ್ಕೆ ಮೊದಲು, ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ದಿನ ತರಬೇತಿ. ಪ್ರತಿ ಊರಿನಿಂದ ಇಬ್ಬರು, ಅದರಲ್ಲಿ ಒಬ್ಬರು ಹೆಂಗಸರು. ಎದೆ ಒತ್ತುವುದು, ರಕ್ತ ನಿಲ್ಲಿಸುವುದು, ಹಲಗೆಗೆ ಹೊರಳಿಸುವುದು ಇವಿಷ್ಟು ಕಲಿತರೆ ಸಾಕು. ಮರ ಹತ್ತುವ ಕೆಲಸಗಾರರನ್ನು ಮರೆಯದೆ ಕರೆಯಬೇಕು. ಅವರು ಸಂಘದ ಸದಸ್ಯರಲ್ಲದಿರಬಹುದು, ನಮ್ಮ ಅಡಿಕೆ ಕೆಳಗಿಳಿಯುವುದು ಅವರಿಂದಲೇ.

ಮೂರನೆಯದು, ಸಂಘದ ಗೋದಾಮಿನಲ್ಲಿ ಒಂದು ಮಡಚುವ ಸ್ಟ್ರೆಚರ್, ಕಂಬಳಿ, ಬ್ಯಾಂಡೇಜು, ಒಳ್ಳೆಯ ಟಾರ್ಚು. ಬೀಗದ ಕೈ ಹತ್ತಿರದ ಎರಡು ಮನೆಯಲ್ಲಿರಬೇಕು, ಕಾರ್ಯದರ್ಶಿಗಳ ಮೇಜಿನಲ್ಲಿ ಅಲ್ಲ.

ನಾಲ್ಕನೆಯದು, ದಾರಿ. 108ಕ್ಕೆ ಫೋನು ಮಾಡಿ "ನಮ್ಮ ಮನೆ ಹತ್ತಿರ ಬನ್ನಿ" ಅಂದರೆ ಗಾಡಿ ಎಲ್ಲಿಗೆ ಬರಬೇಕು? ಪ್ರತಿ ಮನೆಯವರೂ ತಾಲ್ಲೂಕು, ಪಂಚಾಯಿತಿ, ಊರು, ಡಾಂಬರು ರಸ್ತೆ ಬಿಟ್ಟು ತಿರುಗುವ ಜಾಗದ ಗುರುತು ಇಷ್ಟನ್ನು ಬರೆದು ಗೋಡೆಗೆ ಅಂಟಿಸಲಿ. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಬರೆಯಿರಿ. ಫೋನು ಮಾಡಿದ ಕೂಡಲೇ ಒಬ್ಬರು ರಸ್ತೆಗೆ ಹೋಗಿ ನಿಲ್ಲಲಿ.

ದುಡ್ಡಿನ ಮಾತೂ ಒಂದು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು ಹೋಗಿ, 2022-23ರ ಸಾಲಿನಲ್ಲಿ ಮತ್ತೆ ಶುರುವಾಯಿತು. ನೋಂದಣಿಯ ಗಡುವು ಬಂದಾಗ ಆಮೇಲೆ ನೋಡೋಣ ಅನ್ನಬೇಡಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಗಡುವು ಮುಗಿದಿರುತ್ತದೆ.

ಸಹಕಾರ ಅಂದರೆ ಒಬ್ಬನ ಕೈಲಾಗದ್ದನ್ನು ಹತ್ತು ಕೈ ಸೇರಿ ಮಾಡುವುದು. ಇಪ್ಪತ್ತೈದು ವರ್ಷ ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು ನಿಂತಿದ್ದೇವೆ. ಇನ್ನು ಮುಂದೆ ಜೀವಕ್ಕೂ ಜಾಮೀನು ನಿಲ್ಲೋಣ. ಮೇಲೆ ಹೇಳಿದ ನಾಲ್ಕು ಕೆಲಸಗಳನ್ನು ಈ ಸಭೆ ಠರಾವು ಮಾಡಿ, ಮುಂದಿನ ಮಳೆಗಾಲದೊಳಗೆ ಜಾರಿಗೆ ತರಬೇಕು ಅಂತ ಕೇಳಿಕೊಳ್ಳುತ್ತೇವೆ.

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.